ಕಲ್ಲು ಮೊದಲು, ಮನುಷ್ಯರು ಆಮೇಲೆ

ಹಂಪಿಯ ವಿಠ್ಠಲ ಗುಡಿಯ ಅಂಗಳದಲ್ಲಿರುವ ಕಲ್ಲಿನ ರಥವನ್ನು ಹೋಗಿ ನೋಡದವರೂ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ನೋಡಿರುತ್ತಾರೆ. ಆ ರಥದ ನೆತ್ತಿ ಇವತ್ತು ಚಪ್ಪಟೆಯಾಗಿದೆ. ಮೊದಲು ಹಾಗಿರಲಿಲ್ಲ. ಅದರ ಮೇಲೆ ಇಟ್ಟಿಗೆ ಗಾರೆಯಲ್ಲಿ ಕಟ್ಟಿದ ಶಿಖರವಿತ್ತು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದ್ರಾಸ್ ಸೈನ್ಯದ ಅಧಿಕಾರಿ ತೆಗೆದ ಪಟದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮುಂದೆ ಆ ಶಿಖರ ಇಲ್ಲವಾಯಿತು, ಪಟ ಮಾತ್ರ ಉಳಿಯಿತು. ಗ್ರೀನ್‌ಲಾ ಕ್ಯಾಮೆರಾ ಹೊತ್ತು ಹಂಪಿಗೆ ಬಾರದೆ ಇದ್ದಿದ್ದರೆ ರಥ ಮೊದಲಿನಿಂದಲೂ ಹೀಗೇ ಇತ್ತೆಂದು ನಾಡೆಲ್ಲ ನಂಬಿರುತ್ತಿತ್ತು.

ಹಂಪಿಯನ್ನು ದಾಟಿದ ತುಂಗಭದ್ರೆ ಪೂರ್ವಕ್ಕೆ ಹರಿದು, ಆಲಂಪುರದ ಬಳಿ ಕೃಷ್ಣೆಯನ್ನು ಕೂಡುತ್ತದೆ. ಎರಡು ಹೊಳೆಗಳ ನಡುವಿನ ಈ ಒಣ ನೆಲವನ್ನು ಹಳಬರು ಎಡೆದೊರೆ ನಾಡು ಎಂದರು. ರಾಯಚೂರು, ಗದ್ವಾಲ, ಆಲಂಪುರ ಇದರೊಳಗೆ ಬರುತ್ತವೆ. ಕೃಷ್ಣೆಯ ಉತ್ತರ ದಂಡೆಗೆ ಮಕ್ತಲ್, ನಾರ್ವ, ನಾರಾಯಣಪೇಟೆ, ಅಲ್ಲಿಂದ ಪಶ್ಚಿಮಕ್ಕೆ ಯಾದಗಿರಿ, ಸುರಪುರ. ಕೆಲವೆಡೆ ಎರೆ ಭೂಮಿ, ಕೆಲವೆಡೆ ಮಸಾರಿ, ನಡುನಡುವೆ ಬಂಡೆಗಲ್ಲಿನ ಗುಡ್ಡಗಳು. ಮಳೆ ನಂಬುವಂತಿಲ್ಲ, ಬಿಸಿಲಿಗೆ ಬರವಿಲ್ಲ. ಒಂದೇ ಅಂಗಳದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ಸೀಮೆ ಇದು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಹಬೂಬ್‌ನಗರಕ್ಕೆ ಹೋದವು. ಇಂದಿನ ರಾಜ್ಯದ ಗೆರೆ ಎಳೆದದ್ದು ಆಗ. ಕ್ಯಾಮೆರಾ ಈ ಸೀಮೆಯ ಸುತ್ತಮುತ್ತ ತಿರುಗಾಡಿದ್ದು ಅದಕ್ಕಿಂತ ನೂರು ವರ್ಷ ಮೊದಲು.

ಅದು ಮೊದಲು ಬಂದದ್ದು ಜನರನ್ನು ನೋಡಲು ಅಲ್ಲ, ಕಲ್ಲುಗಳನ್ನು ನೋಡಲು.

ಪ್ಯಾರಿಸಿನಲ್ಲಿ ಡಾಗೇರ್ ಪಟ ತೆಗೆಯುವ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ಮೇಲೆ ನೆಗೆಟಿವ್ ಮಾಡುವ ಕ್ಯಾಲೊಟೈಪ್ ವಿಧಾನಕ್ಕೆ 1841ರಲ್ಲಿ ಹಕ್ಕು ಪಡೆದ. ಹದಿನೈದು ವರ್ಷ ಕಳೆಯುವುದರೊಳಗೆ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳಿಗೆ ಒಂದು ಲೆಕ್ಕ ಹೊಳೆಯಿತು. ಹಳೆಯ ಗುಡಿ, ಗುಮ್ಮಟಗಳ ಚಿತ್ರ ಬರೆಯಲು ಕಲಾವಿದರನ್ನು ವರ್ಷಗಟ್ಟಲೆ ಸಾಕುವುದು ದುಬಾರಿ. ಕ್ಯಾಮೆರಾ ಅದಕ್ಕಿಂತ ಅಗ್ಗ, ನಂಬಲಿಕ್ಕೂ ತಕ್ಕದ್ದು. ಮುಂಬೈ ಸರ್ಕಾರ 1855ರಲ್ಲಿ ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಈ ಕೆಲಸಕ್ಕೆ ನೇಮಿಸಿತು. ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಸುತ್ತಿ ಕಾಗದದ ನೆಗೆಟಿವ್ ಮೇಲೆ ಪಟ ತೆಗೆದ. ವರ್ಷ ಮುಗಿಯುವ ಮೊದಲೇ ಸೈನ್ಯ ಅವನನ್ನು ವಾಪಸ್ ಕರೆಸಿಕೊಂಡಿತು. ಅವನ ಜಾಗಕ್ಕೆ ಬಂದವನು ಪಿಗೂ ಎಂಬ ವೈದ್ಯ. ಅತ್ತ ಮೈಸೂರು ಸೀಮೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ 1854ರ ಕೊನೆಯಲ್ಲಿ ಬೇಲೂರು ಹಳೇಬೀಡುಗಳ ಪಟ ತೆಗೆದಿದ್ದ. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವು ಬಹುಮಾನ ಗಳಿಸಿದವು. ಅದೇ ಗುಡಿಗಳಿಗೆ ಆ್ಯಂಡ್ರ್ಯೂ ನೀಲ್ ಎಂಬ ಇನ್ನೊಬ್ಬ ವೈದ್ಯನೂ ಕ್ಯಾಮೆರಾ ಒಯ್ದ. ವೈದ್ಯರು ಮತ್ತು ಸೈನಿಕರೇ ಏಕೆ ಎಂಬುದಕ್ಕೆ ಉತ್ತರ ಸುಲಭ. ವೈದ್ಯನಿಗೆ ರಸಾಯನಗಳ ಪರಿಚಯವಿತ್ತು, ಸೈನಿಕನಿಗೆ ನಕ್ಷೆ ಅಳತೆಗಳ ಅಭ್ಯಾಸವಿತ್ತು. ಸಾಮಾನು ಹೊರುವ ಆಳು, ಎತ್ತು, ಬಂಡಿ ಇಬ್ಬರಿಗೂ ಸಿಗುತ್ತಿದ್ದವು.

ಆ ಸಾಮಾನು ಕಡಿಮೆಯದೇನಲ್ಲ. ಸಣ್ಣ ನೆಗೆಟಿವನ್ನು ದೊಡ್ಡದು ಮಾಡಿ ಮುದ್ರಿಸುವ ಸೌಲಭ್ಯ ಆಗ ಇರಲಿಲ್ಲ. ಎಷ್ಟು ದೊಡ್ಡ ಪಟ ಬೇಕೋ ಅಷ್ಟೇ ದೊಡ್ಡ ನೆಗೆಟಿವ್, ಅದು ಹಿಡಿಸುವಷ್ಟೇ ದೊಡ್ಡ ಕ್ಯಾಮೆರಾ. ಗ್ರೀನ್‌ಲಾನ ಹಂಪಿಯ ನೆಗೆಟಿವ್‌ಗಳು ಸುಮಾರು 16 ಅಂಗುಲಕ್ಕೆ 18 ಅಂಗುಲದವು. ಅಂದರೆ ಮರದ ಪೆಟ್ಟಿಗೆಯೊಂದನ್ನೇ ಹೊತ್ತು ಬಂಡೆಗಳ ಮೇಲೆ ಹತ್ತಿಳಿಯಬೇಕಿತ್ತು. ನೆಗೆಟಿವ್ ತಯಾರಿಸುವುದೂ ತಾಳ್ಮೆಯ ಕೆಲಸ. ಒಳ್ಳೆಯ ಬರೆಯುವ ಕಾಗದ ಆರಿಸಬೇಕು. ಜೇನುಮೇಣ ಕರಗಿಸಿ, ಬಿಸಿ ಇಸ್ತ್ರಿಯಿಂದ ಉಜ್ಜಿ, ಕಾಗದದ ಎಳೆಎಳೆಗೂ ಮೇಣ ಇಳಿಯುವಂತೆ ಮಾಡಬೇಕು. ಆಮೇಲೆ ಅಯೊಡೈಡ್ ದ್ರಾವಣ, ಅದರ ಮೇಲೆ ಕತ್ತಲಲ್ಲಿ ಬೆಳ್ಳಿಯ ನೈಟ್ರೇಟ್. ಹೀಗೆ ಸಿದ್ಧವಾದ ಹಾಳೆಯನ್ನು ಒಣಗಿಸಿ ಕೆಲವು ದಿನ ಇಟ್ಟುಕೊಳ್ಳಬಹುದಿತ್ತು. ಪಟ ತೆಗೆದ ಮೇಲೆ ಡೇರೆಗೆ ಮರಳಿ, ರಾತ್ರಿ ಗ್ಯಾಲಿಕ್ ಆಮ್ಲದಲ್ಲಿ ತೊಳೆದರೆ ಚಿತ್ರ ಮೂಡುತ್ತಿತ್ತು.

ಯುರೋಪಿನಲ್ಲಿ ಅಷ್ಟೊತ್ತಿಗೆ ಗಾಜಿನ ಮೇಲೆ ಕೊಲೋಡಿಯನ್ ಬಳಿದು ಪಟ ತೆಗೆಯುವ ವಿಧಾನ ಬಂದಿತ್ತು. ಅದರಲ್ಲಿ ಚಿತ್ರ ಇನ್ನೂ ನಿಖರ. ಆದರೆ ಬಳಿದದ್ದು ಹಸಿ ಇರುವಾಗಲೇ ಪಟ ತೆಗೆದು, ಹಸಿ ಇರುವಾಗಲೇ ತೊಳೆದು ಮುಗಿಸಬೇಕು. ಈ ಸೀಮೆಯ ಬಿಸಿಗಾಳಿಗೆ ಗಾಜು ನೋಡುನೋಡುತ್ತಿದ್ದಂತೆ ಒಣಗುತ್ತದೆ. ನೀರಿನದು ಮತ್ತೊಂದು ಪೇಚು. ಸೌಳು ಬಾವಿಯ ನೀರಿನಲ್ಲಿರುವ ಉಪ್ಪು ಬೆಳ್ಳಿಯ ನೈಟ್ರೇಟಿನೊಂದಿಗೆ ಸೇರಿದರೆ ಹಾಲಿನಂತೆ ಬಿಳಿಯ ಗಸಿ ಕೂಡುತ್ತದೆ, ಹಾಳೆ ಕೆಡುತ್ತದೆ. ಭಟ್ಟಿ ಇಳಿಸಿದ ನೀರು ಬೇಕು. ಇಲ್ಲವೇ ಮಳೆ ನೀರು. ಎರೆ, ಮಸಾರಿಯ ಈ ಒಣ ನಾಡಿನಲ್ಲಿ ದಂಡಿನವರು ಕಾಗದದ ವಿಧಾನವನ್ನೇ ನಂಬಿಕೊಂಡದ್ದು ಹಿಂದುಳಿದಿದ್ದರಿಂದ ಅಲ್ಲ, ಈ ನೆಲಕ್ಕೆ ಅದೇ ಒಗ್ಗುತ್ತಿತ್ತು.

ಕಾಗದಕ್ಕೆ ಒಂದು ದೊಡ್ಡ ಊನವಿತ್ತು. ಚಿತ್ರ ಮೂಡಲು ಹಲವು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಕ್ಯಾಮೆರಾದ ಮುಂದೆ ನಡೆದು ಹೋದ ಹೆಂಗಸಾಗಲಿ, ಮೇಯುತ್ತ ಸಾಗಿದ ಎತ್ತಾಗಲಿ, ಓಡಿದ ಹುಡುಗನಾಗಲಿ ಹಾಳೆಯ ಮೇಲೆ ಉಳಿಯುವುದಿಲ್ಲ. ಉಳಿದರೂ ಮಂಜಿನ ಗೆರೆಯಷ್ಟೆ. ಅಲುಗಾಡದೆ ನಿಂತವನು ಮಾತ್ರ ಉಳಿಯುತ್ತಾನೆ, ಅವನನ್ನೂ ಕಂಬದ ಎತ್ತರ ತಿಳಿಯಲೆಂದು ಅಳತೆಗೋಲಾಗಿ ನಿಲ್ಲಿಸುವ ರೂಢಿಯಿತ್ತು. ನಾಡಿನ ಮೊದಲ ಪಟಗಳು ಜನರಿಲ್ಲದೆ ಬಣಗುಟ್ಟುವುದಕ್ಕೆ ಇದೂ ಒಂದು ಕಾರಣ. ಊರು ಖಾಲಿ ಇರಲಿಲ್ಲ, ನೋಡುವ ಪೆಟ್ಟಿಗೆ ನಿಧಾನವಾಗಿತ್ತು. ಸರ್ಕಾರ ಕೇಳಿದ್ದೂ ಕಟ್ಟಡಗಳನ್ನೇ.

ಬಿಗ್ಸ್, ಪಿಗೂ, ನೀಲ್ ತೆಗೆದ ಪಟಗಳು 1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಾಶನದಿಂದ ದೊಡ್ಡ ಸಂಪುಟಗಳಾಗಿ ಹೊರಬಂದವು: ಒಂದು ವಿಜಯಪುರದ್ದು, ಇನ್ನೊಂದು ಧಾರವಾಡ ಮತ್ತು ಮೈಸೂರಿನದು. ಎರಡನೆಯದರ ಶೀರ್ಷಿಕೆ ಪುಟದಲ್ಲಿ ಪಿಗೂ ಹೆಸರಿನ ಹಿಂದೆ ಆಗಲೇ ‘ದಿವಂಗತ’ ಎಂಬ ಮಾತು ಸೇರಿತ್ತು. ಈ ಮಾಲಿಕೆಗೆ ದುಡ್ಡು ಹಾಕಿದವರು ಪ್ರೇಮಚಂದ್ ರಾಯಚಂದ್ ಅವರಂಥ ಮುಂಬೈನ ಸಿರಿವಂತರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ಹತ್ತಿಯ ಬೆಲೆ ಮುಗಿಲಿಗೇರಿ ಮುಂಬೈಗೆ ಹಣದ ಹೊಳೆ ಹರಿದಿತ್ತು. ಆ ಹತ್ತಿಯಲ್ಲಿ ಧಾರವಾಡದ ಎರೆ ಹೊಲಗಳ ಪಾಲೂ ಇತ್ತು. ಹೊಲದಲ್ಲಿ ಹತ್ತಿ ಬಿಡಿಸಿದವರ ಮುಖ ಒಂದೂ ಇಲ್ಲದ ಪುಸ್ತಕಕ್ಕೆ ಅವರ ದುಡಿಮೆಯ ಹಣವೂ ಸೇರಿತು ಎಂಬುದನ್ನು ಮರೆಯಬಾರದು.

ಈ ಸಂಪುಟಗಳಿಗೆ ಇತಿಹಾಸದ ಬರಹ ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗುಸನ್ನನದು. ಟೇಲರ್ ಈ ಸೀಮೆಗೆ ಪರಕೀಯನಲ್ಲ. 1841ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುರಪುರದಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ. ಅವನು ಗುಡ್ಡದ ಮೇಲೆ ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. ಅವನ ಕೈಯಲ್ಲಿದ್ದದ್ದು ಕ್ಯಾಮೆರಾ ಅಲ್ಲ, ಕುಂಚ ಮತ್ತು ಪೆನ್ಸಿಲ್. ಕೃಷ್ಣಾ–ಭೀಮಾ ನಡುವಿನ ಹೊಲಗಳಲ್ಲಿ ಸಾಲುಗಲ್ಲುಗಳನ್ನು, ಕಲ್ಲುಮನೆಗಳನ್ನು, ಸಮಾಧಿಗಳನ್ನು ಅವನು ಅಗೆದು, ಅಳೆದು, ಬರೆದಿಟ್ಟ. ಈ ಭಾಗದ ಬೃಹತ್ ಶಿಲಾಯುಗದ ಅಧ್ಯಯನಕ್ಕೆ ತಳಪಾಯ ಹಾಕಿದ್ದು ಆ ಬರಹಗಳೇ. ಇನ್ನು ಕೆಲವು ವರ್ಷ ತಡವಾಗಿ ಅವನು ಸುರಪುರಕ್ಕೆ ಬಂದಿದ್ದರೆ ಕೈಯಲ್ಲಿ ಕ್ಯಾಮೆರಾ ಹಿಡಿದೇ ಬಂದಿರುತ್ತಿದ್ದನೇನೋ. ಹಾಗಾಗಲಿಲ್ಲ. 1860ರಲ್ಲಿ ಭಾರತ ಬಿಟ್ಟ ಟೇಲರ್, ಬೇರೆಯವರು ತೆಗೆದ ಪಟಗಳನ್ನು ಮುಂದಿಟ್ಟುಕೊಂಡು ತಾನು ಕಂಡ ನಾಡಿನ ಕಥೆ ಬರೆದ.

ಆ ಸಂಪುಟಗಳ ಭೂಪಟದಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ಬಾದಾಮಿ, ಐಹೊಳೆಗಳನ್ನು ಕಟ್ಟಿದ ಚಾಲುಕ್ಯರೇ ಆಲಂಪುರದಲ್ಲಿ ನವಬ್ರಹ್ಮ ಗುಡಿಗಳನ್ನೂ ಕಟ್ಟಿದರು. ಏಳು, ಎಂಟನೆಯ ಶತಮಾನದ ಕೆಲಸ, ಒಂದೇ ಅರಸುಮನೆ. ಆದರೆ ಬಾದಾಮಿ ಇದ್ದದ್ದು ಕಂಪನಿಯ ಮುಂಬೈ ಆಡಳಿತದಲ್ಲಿ, ಆಲಂಪುರ ಇದ್ದದ್ದು ನಿಜಾಮರ ಸೀಮೆಯಲ್ಲಿ. 1853ರಿಂದ 1860ರವರೆಗೆ ಎಡೆದೊರೆ ನಾಡನ್ನು, ಅಂದರೆ ರಾಯಚೂರು ದೋಆಬವನ್ನು, ನಿಜಾಮರು ಸಾಲದ ಸಲುವಾಗಿ ಕಂಪನಿಗೆ ಒಪ್ಪಿಸಿದ್ದರು. ಕ್ಯಾಮೆರಾಗಳು ಹಂಪಿ, ವಿಜಯಪುರಗಳಲ್ಲಿ ಓಡಾಡಿದ್ದೂ ಅದೇ ವರ್ಷಗಳಲ್ಲಿ. ಆದರೂ ಪುಸ್ತಕವಾಗಿ ಹೊರಬಂದ ಮೊದಲ ಸಂಗ್ರಹಗಳಲ್ಲಿ ಆಲಂಪುರಕ್ಕಾಗಲಿ, ಗದ್ವಾಲದ ಕೋಟೆಗಾಗಲಿ ಜಾಗ ಸಿಗಲಿಲ್ಲ. ಯಾರ ಪಟ ತೆಗೆಯಬೇಕೆಂಬುದನ್ನು ಆಡಳಿತದ ಗಡಿ ತೀರ್ಮಾನಿಸಿತು.

ಗಡಿಯನ್ನು ಸಡಿಲಗೊಳಿಸಿದ್ದು ರೈಲು. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕೃಷ್ಣೆಗೆ ಸೇತುವೆ ಬಿತ್ತು. ಅದರ ಉತ್ತರ ತುದಿಯ ಕೃಷ್ಣಾ ನಿಲ್ದಾಣ ಇಂದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ, ಸುತ್ತಲಿನ ಊರುಗಳ ಮನೆಮಾತು ಕನ್ನಡ. ಯಾದಗಿರಿ ಕಡೆಯ ಸೈದಾಪುರದ ನಿಲ್ದಾಣಕ್ಕೆ ಬಹುಕಾಲ ‘ನಾರಾಯಣಪೇಟ ರೋಡ್’ ಎಂಬ ಹೆಸರೇ ಇತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಗಾಡಿ ಓಡಿತು. ಗಾಜಿನ ಫಲಕ, ರಸಾಯನದ ಸೀಸೆಗಳನ್ನು ಎತ್ತಿನ ಬಂಡಿಯಲ್ಲಿ ಕುಲುಕಾಡಿಸಿಕೊಂಡು ತರುವ ಕಷ್ಟ ತಪ್ಪಿತು.

ರೈಲಿನ ಬೆನ್ನಿಗೇ ಬರ ಬಂತು. ಹಳೆಯ ತಲೆಮಾರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದ 1876–78ರ ಆ ಕಾಲದಲ್ಲಿ ಬಳ್ಳಾರಿ, ಕರ್ನೂಲು, ರಾಯಚೂರು, ಕಲಾದಗಿ ಎಲ್ಲವೂ ಬೆಂದವು. ಮದ್ರಾಸ್ ಸೈನ್ಯದ ವಿಲಬಿ ಹೂಪರ್ ಆ ಸಮಯದಲ್ಲಿ ತೆಗೆದ ಪಟಗಳು ಇವತ್ತಿಗೂ ನೋಡಲು ಧೈರ್ಯ ಬೇಕಾದಂಥವು. ಎಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಮಕ್ಕಳು. ಸಾಲಾಗಿ ಕೂರಿಸಿ, ಕ್ಯಾಮೆರಾಗೆ ಮುಖ ಮಾಡಿಸಿ ತೆಗೆದವು. ಹಸಿದವರನ್ನು ಹೀಗೆ ಹೊಂದಿಸಿ ಕೂರಿಸಿದ ಬಗ್ಗೆ ಟೀಕೆ ಬಂತು, ಬರಬೇಕಾದದ್ದೇ. ಮುಂದೆ 1886ರಲ್ಲಿ ಮಂಡಾಲೆಯಲ್ಲಿ ಗುಂಡಿಕ್ಕಿ ಕೊಲ್ಲುವ ಕ್ಷಣವನ್ನು ಪಟ ತೆಗೆಯಲು ಹೋಗಿ ಇದೇ ಹೂಪರ್ ವಿಚಾರಣೆ ಎದುರಿಸಿದ. ಆದರೂ ಬರದ ಆ ಪಟಗಳಿಲ್ಲದಿದ್ದರೆ ಲಂಡನ್ನಿನ ಓದುಗರಿಗೆ ಸತ್ತವರು ಬರೀ ಅಂಕಿಯಾಗಿರುತ್ತಿದ್ದರು. ದಖನ್ನಿನ ಬಡವರು ಕ್ಯಾಮೆರಾದ ನಡುಜಾಗಕ್ಕೆ ಬಂದದ್ದು ಹಸಿವೆಯಿಂದ ಸಾಯುವಾಗ. ಆ ಪಟಗಳ ಅಡಿಬರಹ ಅವರನ್ನು ಬರಪೀಡಿತರೆಂದಷ್ಟೇ ಕರೆಯುತ್ತದೆ, ಹೆಸರು ಕೇಳುವುದಿಲ್ಲ.

ನಿಜಾಮರ ಸೀಮೆಗೆ ಅದರದೇ ಛಾಯಾಗ್ರಾಹಕ ದೊರೆತದ್ದು 1880ರ ದಶಕದಲ್ಲಿ. ಮೀರತ್ ಬಳಿಯ ಸರ್ಧನಾದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನ್ ದಯಾಳ್ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಗಿದ್ದವರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಎದ್ದಿತು. ಅರಮನೆ, ಬೇಟೆ, ಸೈನ್ಯದ ಕವಾಯತು, ವೈಸರಾಯ್‌ಗಳ ಭೇಟಿ, ಸೇತುವೆ, ಕೆರೆ ಕಟ್ಟೆ, ಬರ ಪರಿಹಾರದ ಕಾಮಗಾರಿ ಎಲ್ಲಕ್ಕೂ ಅವರೇ ಬೇಕು. ನಿಜಾಮರು ಅವರಿಗೆ ರಾಜಾ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಅವರು ತೀರಿಕೊಂಡದ್ದು 1905ರಲ್ಲಿ. ಆ ಸಂಗ್ರಹದ 2,857 ಗಾಜಿನ ನೆಗೆಟಿವ್‌ಗಳು ಇವತ್ತು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ದೀನ್ ದಯಾಳರ ಒಂದು ಕೆಲಸ ಮಾತ್ರ ಬೇರೆಲ್ಲದಕ್ಕಿಂತ ಮೇಲೆ ನಿಲ್ಲುತ್ತದೆ. 1892ರಲ್ಲಿ ಅವರು ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನಡೆಸಿದವರು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಹೆಂಗಸೇ ಪಟ ತೆಗೆಯುತ್ತಾಳೆ, ಹೆಂಗಸೇ ಕ್ಯಾಮೆರಾದ ಮುಂದೆ ಕೂರುತ್ತಾಳೆ. ಸಿರಿವಂತರ ಮನೆಯವರಿಗಷ್ಟೇ ಎಟುಕುವ ಸೌಕರ್ಯವಾದರೂ, ಈ ಸೀಮೆಯ ಹೆಣ್ಣು ತನ್ನ ಇಷ್ಟದಿಂದ ಪಟಕ್ಕೆ ಕೂತ ಹೊಸ ಕಾಲ ಅದು.

ನಾರ್ವ, ಮಕ್ತಲ್‌ಗಳ ಹೊಲದ ತನಕ ವಿದ್ವಾಂಸರ ಗಮನ ಹರಿಯಲು ಇನ್ನೂ ಕಾಲ ಹಿಡಿಯಿತು. 1914ರಲ್ಲಿ ಹೈದರಾಬಾದ್ ಸಂಸ್ಥಾನ ಗುಲಾಂ ಯಜ್ದಾನಿಯವರ ಹೊಣೆಯಲ್ಲಿ ಪುರಾತತ್ವ ಇಲಾಖೆ ಸ್ಥಾಪಿಸಿತು. ಮರುವರ್ಷವೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಅಶೋಕನ ಶಾಸನ ಬಿತ್ತು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಇಲಾಖೆಯ ಗ್ರಂಥಮಾಲೆ ಆರಂಭವಾದದ್ದೇ ಅದರಿಂದ. ಸ್ವಾತಂತ್ರ್ಯ ಬಂದ ಮೇಲೆ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ರಾಯಚೂರು ಜಿಲ್ಲೆಯ ನವಶಿಲಾಯುಗವನ್ನು ಅರಸುತ್ತ ಬಂದರು. 1952ರಲ್ಲಿ ಪಿಕ್ಲಿಹಾಳ ಅಗೆದರು, 1957ರಲ್ಲಿ ಕೃಷ್ಣೆಯ ಉತ್ತರಕ್ಕೆ ಉಟ್ನೂರಿನ ಬೂದಿದಿಬ್ಬ. ಮಕ್ತಲ್ ಸೀಮೆಯ ಮುರಾರ್‌ದೊಡ್ಡಿಯ ಸಾಲುಗಲ್ಲುಗಳ ವಿಷಯ ಅವರು 1956ರಲ್ಲಿ ಬರೆದ ಲೇಖನದಲ್ಲಿ ಬಂತು. ಪಕ್ಕದ ಮುಡುಮಾಲಿನಲ್ಲಿ ಎರಡಾಳೆತ್ತರದ ನಿಲುಗಲ್ಲುಗಳಿವೆ. ಸಪ್ತರ್ಷಿ ಮಂಡಲದ ಹಾಗೆ ಕುಳಿ ಕೊರೆದ ಕಲ್ಲೂ ಇದೆ. ಒಂದು ನಿಲುಗಲ್ಲಿಗೆ ಊರವರು ಯಲ್ಲಮ್ಮನೆಂದು ಪೂಜೆ ಮಾಡುತ್ತಾರೆ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಮುಡುಮಾಲ್ ಸೇರಿದ ಮೇಲೆ ಇಡೀ ದೇಶದ ಕ್ಯಾಮೆರಾಗಳು ಅತ್ತ ತಿರುಗಿವೆ.

ಜನರ ಬದುಕನ್ನೇ ನೋಡಲೆಂದು ಹಳೆಯ ಮಹಬೂಬ್‌ನಗರ ಜಿಲ್ಲೆಗೆ ಬಂದ ಛಾಯಾಗ್ರಾಹಕರಲ್ಲಿ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮೆಂಡಾರ್ಫ್ ಹೆಸರು ಮುಖ್ಯ. ಆಸ್ಟ್ರಿಯಾದ ಈ ಮಾನವಶಾಸ್ತ್ರಜ್ಞ ಎರಡನೆಯ ಮಹಾಯುದ್ಧ ಶುರುವಾದಾಗ ಶತ್ರು ದೇಶದ ಪ್ರಜೆಯೆನಿಸಿ, ಹೈದರಾಬಾದ್ ಸಂಸ್ಥಾನದೊಳಗೇ ಉಳಿಯಬೇಕಾಯಿತು. ಆ ನಿರ್ಬಂಧವನ್ನೇ ಅವರು ಅವಕಾಶ ಮಾಡಿಕೊಂಡರು. ಅಮರಾಬಾದ್ ಗುಡ್ಡಗಳ ಚೆಂಚು ಬುಡಕಟ್ಟಿನವರ ನಡುವೆ ಹೆಂಡತಿ ಬೆಟ್ಟಿಯೊಂದಿಗೆ ಡೇರೆ ಹಾಕಿ ಕೂತರು. 1943ರಲ್ಲಿ ಅವರ ಪುಸ್ತಕ ಬಂತು. ಗೆಣಸು ಅಗೆಯುವುದು, ಗುಡಿಸಲು ಹೆಣೆಯುವುದು, ಮಗುವನ್ನು ಎತ್ತಿಕೊಳ್ಳುವುದು ಅವರ ಕೆಲಸದ ವಿಷಯ. ಅದಕ್ಕೆ ಸುಮಾರು ತೊಂಬತ್ತು ವರ್ಷ ಮೊದಲು ಗ್ರೀನ್‌ಲಾನ ಹಾಳೆಯ ಮೇಲೆ ಉಳಿಯದೆ ಹೋದ ನಡೆದಾಡುವ ಮನುಷ್ಯರನ್ನು ಹಿಡಿಯಲು ಅಷ್ಟೊತ್ತಿಗೆ ಸಣ್ಣ ಕ್ಯಾಮೆರಾ, ಚುರುಕು ಫಿಲಂ ಎರಡೂ ಬಂದಿದ್ದವು.

ಇಷ್ಟೆಲ್ಲ ಹೊರಗಿನವರ ಕಣ್ಣು. ಲಂಡನ್, ದೆಹಲಿ, ಹೈದರಾಬಾದುಗಳ ಕಪಾಟುಗಳಲ್ಲಿ ಈ ಪಟಗಳು ಭದ್ರವಾಗಿವೆ, ಪಟ್ಟಿಯೂ ಆಗಿವೆ. ಪಟ್ಟಿಯಾಗದೆ ಉಳಿದದ್ದು ನಾರಾಯಣಪೇಟೆ, ಮಕ್ತಲ್, ಗದ್ವಾಲದ ಮನೆಗಳ ಟ್ರಂಕುಗಳಲ್ಲಿದೆ. ಊರ ಸ್ಟುಡಿಯೋದಲ್ಲಿ, ಬಣ್ಣದ ಪರದೆಯ ಮುಂದೆ, ಮದುವೆಯ ಮರುದಿನ ತೆಗೆಸಿಕೊಂಡ ಜೋಡಿ ಫೋಟೊ. ಜಾತ್ರೆಯಲ್ಲಿ ತೆಗೆಸಿದ್ದು. ಶಾಲೆಯ ಗುಂಪಿನದು. ಅಜ್ಜ ಕುರ್ಚಿಯಲ್ಲಿ, ಅಜ್ಜಿ ನಿಂತಿರುವುದು. ಇವುಗಳಿಗೆ ಬೆಲೆ ಇಲ್ಲವೆಂದು ಯಾರೂ ತಿಳಿಯಬಾರದು. ಅಜ್ಜಿ ಉಟ್ಟ ಸೀರೆಯನ್ನು ಭೂತಗನ್ನಡಿ ಹಿಡಿದು ನೋಡಿದರೆ ಚೌಕಳಿ, ಗುಡಿ ಅಂಚುಗಳು ಕಂಡಾವು. ಅದು ನಾರಾಯಣಪೇಟೆಯ ಮಗ್ಗದ್ದು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿದ್ದಾದರೆ ಗದ್ವಾಲದ್ದು. ಬಣ್ಣ ಹೋಗಿರಬಹುದು, ನೇಯ್ಗೆಯ ಕಟ್ಟು ಹೋಗಿರುವುದಿಲ್ಲ. ಇಂದು ಯಾವ ನೇಕಾರನ ಮಗ್ಗದ ಮೇಲೂ ಇಲ್ಲದ ವಿನ್ಯಾಸವೊಂದು ಹಾಗೆ ಸಿಕ್ಕರೆ ಅದನ್ನು ಮತ್ತೆ ನೇಯಬಹುದು.

ಇನ್ನೂ ದೊಡ್ಡ ಕಾರಣವಿದೆ. ಜೂರಾಲಾ ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣಾ ದಂಡೆಯ ಊರುಗಳು ಮುಳುಗಿದವು. ಶ್ರೀಶೈಲ ಅಣೆಕಟ್ಟು ಆಲಂಪುರದ ಸುತ್ತಲಿನ ಊರು, ಹೊಲಗಳನ್ನು ನುಂಗಿತು. ಕೂಡಲವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಿದರು. ಗುಡಿಗೆ ಆ ಭಾಗ್ಯವಿತ್ತು, ಮನೆಗಳಿಗೆ ಇರಲಿಲ್ಲ. ಮುಳುಗಿದ ಊರಿನ ಕಟ್ಟೆ, ಅಗಸಿ ಬಾಗಿಲು, ಬಾವಿ, ಬೇವಿನ ಮರ ಹೇಗಿತ್ತೆಂದು ತಿಳಿಯಲು ಪುರಾತತ್ವ ಇಲಾಖೆಯ ಕಡತ ಸಾಲುವುದಿಲ್ಲ. ಅಲ್ಲಿಂದ ಎದ್ದು ಬಂದವರ ಮದುವೆ ಫೋಟೊದ ಹಿನ್ನೆಲೆಯಲ್ಲಿ ಅದು ಇರಬೇಕು.

ಹೀಗಾಗಿ ಈ ಸೀಮೆಯ ಓದುಗರಲ್ಲಿ ಒಂದು ಬೇಡಿಕೆ. ಹಳೆಯ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಬಿಸಿಲು ಬೀಳುವ ಗೋಡೆಯಿಂದ ಇಳಿಸಿ. ಹಿಂಬದಿಗೆ ಪೆನ್ನಿನಿಂದ ಬರೆಯಬೇಡಿ, ಮಸಿ ಮುಂದಕ್ಕೆ ಊರುತ್ತದೆ. ಮೆತ್ತನೆ ಪೆನ್ಸಿಲಿನಲ್ಲಿ ಹಗುರಾಗಿ ಬರೆಯಿರಿ. ಮುಚ್ಚಿಹೋದ ಸ್ಟುಡಿಯೋದವರ ಮನೆಯಲ್ಲಿ ಗಾಜಿನ ಫಲಕ, ನೆಗೆಟಿವ್‌ಗಳಿದ್ದರೆ ಗುಜರಿಗೆ ಹೋಗದಂತೆ ತಡೆಯಿರಿ. ಮನೆಯ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು ಕೇಳಿ: ಇವರು ಯಾರು, ಯಾವ ಊರು, ಯಾವ ವರ್ಷ. ಎಡದಿಂದ ಬಲಕ್ಕೆ, ಒಬ್ಬರನ್ನೂ ಬಿಡದೆ, ಹೆಸರು ಬರೆದಿಡಿ.